ಕಸವೆಂದು ಸುಟ್ಟ ಬೇಲಿ

ಬೇಲಿ ದುರಸ್ತಿ ಮಾಡಲು ಹೋದವನು ಬೇಲಿಗೇ ಬೆಂಕಿ ಹಚ್ಚಿ ಬಂದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನನ್ನ ಗೆಳೆಯರ ಬಾಯಿಗೆ ಸಿಕ್ಕರೆ ಆ ಬೆಂಕಿ ಹೊಲಗಳನ್ನು ದಾಟಿ ಬೀದರ್ ಮುಟ್ಟಿರುತ್ತದೆ.

ಕಲಬುರಗಿಯ ಗಾಜಿಪುರದ ನಮ್ಮ ಗುಂಪಿಗೆ ಭಾನುವಾರ ಬಂತೆಂದರೆ ಪರಿಸರಪ್ರೇಮ ಉಕ್ಕುತ್ತದೆ. ಕೆರೆ ದಂಡೆಯಾಗಲಿ, ರೋಜಾ ಬಡಾವಣೆಯ ಓಣಿಯಾಗಲಿ, ನಮಗೆ ಗೊತ್ತಿದ್ದ ಕೆಲಸ ಒಂದೇ: ಕಸ ಗುಡ್ಡೆ ಹಾಕು, ಕಡ್ಡಿ ಗೀರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊ. ಆ ಸಲ ಮಾತ್ರ ಕಮಲಾಪುರದ ಹತ್ತಿರ ಕೆಂಪು ಬಾಳೆ ಬೆಳೆಯುವ ಒಬ್ಬ ಅಕ್ಕನ ತೋಟಕ್ಕೆ ಹೋಗಿದ್ದೆವು. ತೋಟದ ಸುತ್ತ ಹಳೆಯ ಲಕ್ಕಿ ಗಿಡಗಳ ಜೀವಂತ ಬೇಲಿ, ಅದರ ತುಂಬ ಗುಬ್ಬಿಗೂಡು. ಹಳ್ಳದ ಕಡೆ ಮಾತ್ರ ಒಂದು ಎತ್ತು ನುಗ್ಗುವಷ್ಟು ಕಂಡಿ ಬಿದ್ದಿತ್ತು. ಹಿಂದಿನ ರಾತ್ರಿಯಷ್ಟೇ ಕಾಡುಹಂದಿಗಳು ಪಕ್ಕದ ಹೊಲಕ್ಕೆ ಬಂದು ಹೋಗಿದ್ದವು. ಅಕ್ಕನ ಗೊನೆಗಳು ಇನ್ನೇನು ಬಲಿಯುವುದರಲ್ಲಿದ್ದವು.

"ಚಾ ಮಾಡ್ಕೊಂಡ್ ಬರ್ತೀನ್ರೀ. ಅಷ್ಟರಾಗ ಕಂಡಿ ಮುಂದ ಜರಾ ಸ್ವಚ್ಛ ಮಾಡ್ರಿ," ಎಂದು ಅಕ್ಕ ಗುಡಿಸಲಿಗೆ ಹೋದಳು. ಗುಂಪಿನ ಹಿರಿಯ, ನಾವೆಲ್ಲ ಭಾಯ್ ಎನ್ನುವವನು, ಉಳಿದವರನ್ನು ಕರೆದುಕೊಂಡು ಟೆಂಪೊದಿಂದ ಕಂಡಿಯಲ್ಲಿ ನೆಡುವ ಸಸಿ ಇಳಿಸತೊಡಗಿದ. ಕಂಡಿಯ ಪಕ್ಕ ಆಳೆತ್ತರದ ಒಣ ಜಾಲಿಮುಳ್ಳಿನ ಗುಡ್ಡೆ. ಗುಡ್ಡೆ ಹಾಕುವ ಅರ್ಧ ಕೆಲಸ ಆಗಲೇ ಮುಗಿದಿದೆಯಲ್ಲ ಎಂದು ನನಗೆ ಖುಷಿಯೋ ಖುಷಿ. ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ಅಮ್ಮಿ ಇದನ್ನು ಓದುತ್ತಿದ್ದರೆ ತಿಳಿಯಲಿ, ಅದು ಊದುಬತ್ತಿ ಹಚ್ಚಲು ಮಾತ್ರ.

ಒಣ ಜಾಲಿಗೆ ಒಂದೇ ಕಡ್ಡಿ ಸಾಕು. ಭಗ್ಗೆಂದಿತು.

ಭಾಯ್ ಓಡಿ ಬಂದ. "ಏ ಹುಚ್ಚಪ್ಯಾಲಿ, ಏನ್ ಹಚ್ಚೀದಿಯೋ?"

"ಕಸ, ಭಾಯ್."

"ಕಸ ಅಲ್ಲಪ್ಪಾ ಅದು!" ಅಕ್ಕನ ಕೈಯ ಚಹಾದ ಕಿಟ್ಲಿ ಬದುವಿನ ಮೇಲೆ ಉರುಳಿತು. "ಅದೇ ನನ್ನ ಬೇಲಿ! ಕಂಡಿಗೆ ತುರುಕ್ಲಾಕಂತ ಕಡ್ದು ಕಡ್ದು ಒಟ್ಟೀದ್ದು. ಹುಣ್ಣಿಮಿಗಿ ಸುರು ಮಾಡೀನಿ, ಅಮಾಸಿಗಿ ಮುಗ್ದದ!"

ಎಲ್ಲರೂ ಬಕೆಟ್ ಹಿಡಿದು ಓಡಿದರು. ನಾನೂ ಓಡಿದೆ, ಬದುವಿನಲ್ಲಿ ಎಡವಿ ನೀರನ್ನೆಲ್ಲ ಭಾಯ್ ಮೇಲೆ ಚೆಲ್ಲಿದೆ. ಉರಿಯುವ ಬೆಂಕಿ ಬಿಟ್ಟು, ಉರಿಯದೆ ನಿಂತಿದ್ದ ಅವನನ್ನೇ ಆರಿಸಿದೆ. ಬೆಂಕಿ ನಂದುವ ಹೊತ್ತಿಗೆ ಬಾಳೆ ಉಳಿದಿತ್ತು, ಆದರೆ ಕಂಡಿಯ ಎರಡೂ ಕಡೆಯ ಲಕ್ಕಿ ಕರಕಲಾಗಿತ್ತು. ಎತ್ತು ನುಗ್ಗುವಷ್ಟಿದ್ದ ಜಾಗದಲ್ಲಿ ಈಗ ನಮ್ಮ ಟೆಂಪೊ ತಿರುಗಿಸಬಹುದಿತ್ತು. ಸುಟ್ಟ ಕಡ್ಡಿಗಳ ಮೇಲೆ ಎರಡು ಗುಬ್ಬಿ ಎಲ್ಲಿ ಕೂಡಬೇಕೆಂದು ತಿಳಿಯದೆ ಹಾರಾಡುತ್ತಿದ್ದವು. ಅವುಗಳ ಕಡೆ ನೋಡಲು ನನಗಾಗಲಿಲ್ಲ.

ಹೊಸ ಮುಳ್ಳು ಕಡಿಯೋಣವೆಂದರೆ ನಮ್ಮ ಹತ್ತಿರ ಕೈಗವಸು ಇತ್ತು, ಟೋಪಿ ಇತ್ತು, ಬ್ಯಾನರ್ ಇತ್ತು. ಕೊಡಲಿ ಮಾತ್ರ ಇಡೀ ತೋಟಕ್ಕೆ ಅಕ್ಕನದೊಂದೇ. ಸರದಿಯ ಮೇಲೆ ಕಡಿದೆವು. ಸಂಜೆಯ ಹೊತ್ತಿಗೆ ಮುಳ್ಳು ಕಂಡಿಗಿಂತ ಹೆಚ್ಚು ನಮ್ಮ ಅಂಗಿಗಳಲ್ಲೇ ಇತ್ತು. ಕಂಡಿಯ ಮೂಲೆಯೂ ತುಂಬಲಿಲ್ಲ. ಭಾಯ್ ಸಸಿಗಳ ಕಡೆ ಕೈ ತೋರಿಸಿದ. "ಇವನ್ನರೆ ನೆಟ್ಟು ಹೋಗ್ತೀವ್ರೀ ಅಕ್ಕಾ."

ಅಕ್ಕ ಗೇಣುದ್ದದ ಸಸಿಯೊಂದನ್ನು ಎತ್ತಿ ನೋಡಿದಳು. "ಇದು ಹಂದಿ ತಡಿಯೋಟು ಬೆಳೀಲಾಕ ಎಷ್ಟ್ ವರ್ಷ ಬೇಕ್ರೀ?"



ರಾತ್ರಿ ನಾನು ಇಲ್ಲೇ ಕಾವಲಿರುತ್ತೇನೆ ಎಂದೆ. "ಬ್ಯಾಡಪ್ಪ," ಎಂದಳು, "ಹಂದಿ ಬೆದರ್ಸ್ಲಾಕ ಕಂದೀಲು ಹಚ್ಚಬೇಕಾಗ್ತದ. ನಿನ್ನ ಕೈಯಾಗ ನಾ ಇನ್ನ ಕಡ್ಡಿ ಕೊಡಾಂಗಿಲ್ಲ." ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಒಳಗಿನಿಂದ ಸೀರೆಗಳನ್ನು ತಂದು ಕಂಡಿಗೆ ಅಡ್ಡ ಕಟ್ಟತೊಡಗಿದಳು. ಅವುಗಳಲ್ಲಿ ಒಂದು ಹೊಸದರಂತೆಯೇ ಇತ್ತು. ನಾನು ತುದಿ ಹಿಡಿದುಕೊಂಡೆ. ಟೆಂಪೊ ಹಾರ್ನ್ ಹೊಡೆಯಿತು. ಕಲಬುರಗಿಯವರೆಗೆ ನನ್ನ ಬಾಯಿಂದ ಒಂದೂ ಜೋಕು ಹೊರಡಲಿಲ್ಲ. ಪಕ್ಕದವನು ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದ.

ಮುಂದಿನ ವಾರ ಒಬ್ಬನೇ ಬಸ್ ಹತ್ತಿ ಹೋದೆ. ಹಳ್ಳದ ಕಡೆಯ ಸಾಲಿನ ಬಾಳೆಗಳು ಬುಡ ಕಿತ್ತು ಮಲಗಿದ್ದವು, ಅರೆಬಲಿತ ಗೊನೆಗಳು ಮಣ್ಣಿನಲ್ಲಿ ಹೊರಳಿದ್ದವು. ಸೀರೆಗಳು ಚಿಂದಿಯಾಗಿದ್ದವು. ಅಕ್ಕ ಕೊಡಲಿ ಹಿಡಿದು ಜಾಲಿ ಕಡಿಯುತ್ತಿದ್ದಳು. ದಾರಿಯುದ್ದಕ್ಕೂ ಕ್ಷಮೆಯ ಭಾಷಣ ಬಾಯಿಪಾಠ ಮಾಡಿದ್ದೆ. "ಅಕ್ಕಾ, ನನಗ ಬೈರಿ," ಎಂದಷ್ಟೇ ಬಂತು.

ಅವಳು ಕೊಡಲಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಂಟು ದಿನದಿಂದ ಹಂದಿಗೇ ಬೈಯಾಕತ್ತೀನಪ್ಪ. ಅವಕ್ಕೇನು ತಿಳೀತದ? ನೀ ಬಂದದ್ದು ಚಲೋ ಆತು. ಕೂಡು ಅಲ್ಲಿ, ಪೂರಾ ಕೇಳ್ಕೊಂಡೇ ಹೋಗು."