ಓದಿಸಿದ ಸಕ್ಕರೆ

ಶಾಹಿಸ್ತಾಳಿಗೆ ಓದು ಕೈಕೊಟ್ಟಿತ್ತು. ಇದನ್ನು ಯಾರ ಮುಂದೆ ಹೇಳುವುದು? ಜ್ವರ ಬಂದರೆ ಗುಳಿಗೆ ಇದೆ, ಕಣ್ಣು ಮಂಜಾದರೆ ಚಾಳೀಸು ಇದೆ. ಪುಸ್ತಕ ತೆರೆದರೆ ಅದೇ ಸಾಲು ಮತ್ತೆ ಮತ್ತೆ ಬಂದು ಎದುರು ನಿಲ್ಲುವುದಕ್ಕೆ ಯಾವ ಡಾಕ್ಟರು ಏನು ಕೊಟ್ಟಾನು!

ಲಕ್ಷ್ಮೇಶ್ವರದ ತವರಿನಲ್ಲಿ ಚುರುಮುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುತ್ತಿದ್ದವಳು. ಬೆಟಗೇರಿಗೆ ಸೊಸೆಯಾಗಿ ಬಂದ ಮೇಲೂ ಲೈಬ್ರರಿಯ ಕಾದಂಬರಿ ತಪ್ಪಿರಲಿಲ್ಲ. ಹೋದ ವರ್ಷ ಅತ್ತೆ ಮೋತಿಬಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಲ್ಲಿಗೆ ಅತ್ತೆ-ಸೊಸೆ ಇಬ್ಬರೂ ಹಾಸಿಗೆ ಹಿಡಿದಂತಾಯಿತು. ಗಂಡ ಯೂಸುಫ ಚಾದರ ಮಾರಲು ಶಿರಹಟ್ಟಿ ಸಂತೆ, ಮುಂಡರಗಿ ಸಂತೆ ಅಂತ ಹೋದರೆ ಕತ್ತಲಾದ ಮೇಲೆಯೇ ಬರುವವನು. ಹೇಲುಚ್ಚೆ ಬಳಿಯುವುದು, ಗಂಜಿ ಕುಡಿಸುವುದು ಎಲ್ಲ ಇವಳದೇ. ಮನೆ ಮುಂದಿನ ನಳದ ಆಚೆಯ ಬೀದಿ ಹೇಗಿದೆಯೆಂಬುದೇ ಮರೆತುಹೋಗಿತ್ತು. ಮದುವೆ ಇರಲಿ, ಮಣ್ಣಿರಲಿ, "ಅಮ್ಮನ್ನ ಯಾರು ನೋಡ್ಕೋತಾರ?" ಎಂಬ ಯೂಸುಫನ ಒಂದು ಮಾತಿಗೆ ಅವಳು ಮತ್ತೆ ಒಳಗೆ.

ಮೋತಿಬಿಗೆ ಮಾತ್ರ ಮಧ್ಯಾಹ್ನ ಕತೆ ಬೇಕೇ ಬೇಕು. ಅಂತೂರ ಬೆಂತೂರ ಹಳ್ಳಿಯ ಒಕ್ಕಲು ಮನೆಯಲ್ಲಿ ಬೆಳೆದವಳು. ಅಕ್ಷರ ಬಾರದಿದ್ದರೂ ಕನ್ನಡದ ಕತೆಯೆಂದರೆ ಜೀವ. "ಎಲ್ಲಿಗೆ ಬಂದಿತ್ತು? ಓದು" ಎನ್ನುವಳು. ಒಂದಕ್ಷರ ತಲೆಗೆ ಇಳಿಯದ ಶಾಹಿಸ್ತಾ ಏನು ಮಾಡಿಯಾಳು? ಪುಸ್ತಕ ತೆರೆದಿಟ್ಟುಕೊಂಡು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಹಾಳೆ ಮಾತ್ರ ತಪ್ಪದೆ ತಿರುವುತ್ತಿದ್ದಳು, ಜಾಣೆ!

ಕತೆಯಲ್ಲಿ ಒಬ್ಬ ಸೊಸೆ, ಹಾಸಿಗೆ ಹಿಡಿದ ಒಬ್ಬ ಅತ್ತೆ. ಮೊದಮೊದಲು ಸೊಸೆ ಒಳ್ಳೆಯವಳೇ ಇದ್ದಳು. ಬರಬರುತ್ತ ಶಾಹಿಸ್ತಾಳ ನಾಲಿಗೆ ಹಿಡಿತ ತಪ್ಪಿತು. ಮೊನ್ನೆ ಆ ಸೊಸೆ ಬಾಗಿಲ ಮರೆಯಲ್ಲಿ ನಿಂತು, "ಈ ಮುದುಕಿನ್ನ ಜಲ್ದಿ ಕರಕೊಂಡು ನನ್ನ ಬಿಡಸಪಾ ದೇವರ" ಎಂದು ಬೇಡಿಕೊಂಡುಬಿಟ್ಟಳು. ಹೇಳಿದ ಮೇಲೆ ಶಾಹಿಸ್ತಾ ಗಡಬಡಿಸಿ ಹಾಳೆ ತಿರುವಿದಳು. ಮೋತಿಬಿಯೋ, "ಎಂಥಾ ಖೋಡಿ ಅದಾಳ ನೋಡು!" ಎಂದು ನಕ್ಕಳು. ಪುಸ್ತಕದ ಮಾತೆಂದು ನಂಬಿದ್ದಾಳೆ, ಬದುಕಿಕೊಂಡೆ ಎಂದುಕೊಂಡಳು ಶಾಹಿಸ್ತಾ. ಅದು ತನ್ನದೇ ಮಾತೆಂದು ಗೊತ್ತಾದರೆ ಈ ಒಂದು ಕೋಣೆಯಲ್ಲಿ ಮುಖ ಎಲ್ಲಿ ಮುಚ್ಚಿಟ್ಟುಕೊಳ್ಳುವುದು?

ಆ ಭಾರ ತಡೆಯದೆ ಪಕ್ಕದ ಮನೆಯ ಫಕ್ಕೀರವ್ವನ ಮುಂದೆ ಬಾಯಿ ಬಿಟ್ಟಳು. "ಎಷ್ಟೋ ತಿಂಗಳಾತು ಯವ್ವಾ, ಓದಾಕ ಆಗವಲ್ದು. ಸುಮ್ನ ಓದಿದಂಗ ಮಾಡ್ತೀನಿ."

ಫಕ್ಕೀರವ್ವ ಶಾಲೆಯ ಮುಖ ಕಂಡವಳಲ್ಲ. ಅವಳಿಗೆ ಗೊತ್ತಿದ್ದ ಓದು ಒಂದೇ: ದರ್ಗಾಕ್ಕೆ ಸಕ್ಕರೆ ಒಯ್ದು, ಮುಲ್ಲಾನ ಕೈಯಿಂದ ಮಂತ್ರ ಓದಿಸಿಕೊಂಡು ಬರುವುದು. ಅತ್ತೆಯ ಹೆಸರಲ್ಲಿ ಸಕ್ಕರೆ ಓದಿಸಲು ಈ ಹುಡುಗಿಗೆ ಹೊರಬೀಳಲು ಆಗುತ್ತಿಲ್ಲ, ಪಾಪ, ಎಂದೇ ತಿಳಿದಳು. ಮರುದಿನ ಮಧ್ಯಾಹ್ನ ಪೊಟ್ಟಣ ಹಿಡಿದು ನೇರ ಮೋತಿಬಿಯ ಹಾಸಿಗೆಗೇ ಬಂದಳು. ಶಾಹಿಸ್ತಾ ಆಗಷ್ಟೇ ಪುಸ್ತಕ ತೆರೆದಿದ್ದಳು.

"ನಿನ್ನ ಸೊಸಿಗೆ ಎಷ್ಟೋ ತಿಂಗಳಿಂದ ಓದಾಕ ಆಗವಲ್ದಂತ. ಸುಮ್ನ ಓದಿದಂಗ ಮಾಡ್ತೀನಿ ಅಂದ್ಲು. ಹಂಗ ಮಾಡಿದ್ರ ನಡೀತೈತೇನು? ಅದಕ್ಕ ನಾನ ಸಕ್ಕರಿ ಓದಿಸ್ಕೊಂಡು ಬಂದೆ. ತಗೋ, ಬಾಯಾಗ ಹಾಕ್ಕೋ!"

ಮೋತಿಬಿ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಸೊಸೆಯ ತೊಡೆಯ ಮೇಲಿನ ಪುಸ್ತಕವನ್ನೇ ನೋಡುತ್ತಿದ್ದಳು. ಫಕ್ಕೀರವ್ವ ಹೋದ ಮೇಲೆ ಕೇಳಿದಳು:

"ಹಂಗಾರ ಆ ಸೊಸಿ ದೇವರಿಗೆ ಬೇಡಿಕೊಂಡದ್ದು ಇದರಾಗ ಬರದಿಲ್ಲೇನು?"

ಶಾಹಿಸ್ತಾ ಪುಸ್ತಕ ಮುಚ್ಚಿದಳು. ಇನ್ನು ಯಾವ ಸುಳ್ಳು ಹೇಳುವುದು?

"ಇಲ್ರಿ ಅಮ್ಮಾ" ಎಂದಳು.

ಮುದುಕಿ ಗೋಡೆಯ ಕಡೆ ಹೊರಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ಮುಲುಕಿದಳು, ಆಗಲೂ ಆಗಲಿಲ್ಲ. ಶಾಹಿಸ್ತಾಳೇ ಎದ್ದು, ಬೆನ್ನ ಕೆಳಗೆ ಕೈ ಹಾಕಿ, ಅತ್ತೆಯ ಮುಖವನ್ನು ತನ್ನಿಂದ ಆಚೆ ತಿರುಗಿಸಿ ಮಲಗಿಸಿದಳು.