ಅಮ್ಮನಿಗೆ ಜಿಂಕ್ ಮಾತ್ರೆ ನುಂಗಿಸಿದ ಮೂರು ತಿಂಗಳು

ಸ್ನಾನ ಮಾಡಿ ಬಂದ ಅಮ್ಮ ಸೆರಗು ಬಿಗಿಯಾಗಿ ಹಿಡಿದುಕೊಂಡೇ ಹೇಳಿದಳು. "ಲೇ, ಇಲ್ಲೊಂದು ಗಂಟಾಗೈತೆ ಕಣೇ. ನೋವೇನಿಲ್ಲ."

ಎಡ ಸ್ತನದಲ್ಲಿ, ಕಂಕುಳ ಕಡೆಗೆ. ಹುಣಸೆ ಬೀಜದಷ್ಟು.

ಬೇರೆ ಯಾರ ಮಗಳಾದರೂ ಅವತ್ತೇ ನಮ್ಮೂರು ಯಗಟಿಯಿಂದ ಕಡೂರಿನ ಆಸ್ಪತ್ರೆಗೆ ಬಸ್ಸು ಹತ್ತಿಸುತ್ತಿದ್ದಳು. ಆದರೆ ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರ. ಆ ವಾರವಷ್ಟೇ ಕಾಲೇಜಿನಲ್ಲಿ ಸೆಮಿನಾರ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದೆ. ವಿಷಯ: ಬೊಜ್ಜು, ಮೈಯಲ್ಲಿರುವ ಜಿಂಕ್, ಸೆಲೆನಿಯಂನಂಥ ಖನಿಜಗಳ ಮಟ್ಟ, ಇಲಿಗಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ. ಇಲಿಗಳಿಗೆ ಕೊಬ್ಬು ತಿನ್ನಿಸಿ ದಪ್ಪ ಮಾಡುತ್ತಾರೆ, ಖನಿಜ ಅಳೆಯುತ್ತಾರೆ, ಗಡ್ಡೆ ಎಣಿಸುತ್ತಾರೆ. ಅಷ್ಟು ಓದಿದ್ದಕ್ಕೇ ನಾನು ಅರ್ಧ ಡಾಕ್ಟರ್. 'ಇದು ಇಲಿಗಳ ಮಾತು, ಮನುಷ್ಯರಿಗೂ ಹೀಗೇ ಎನ್ನಲಾಗದು' ಎಂದು ಕೊನೆಯ ಸ್ಲೈಡಿನಲ್ಲಿ ನಾನೇ ಬರೆದಿದ್ದೆ. ಅದನ್ನು ಓದದೆ ಉಳಿದವಳೂ ನಾನೊಬ್ಬಳೇ.

ಅಮ್ಮ ದಪ್ಪ. ತೂಕ ಇಳಿಸು, ಖನಿಜ ಏರಿಸು, ಗಂಟು ಕರಗುತ್ತದೆ. ಇದು ನನ್ನ ವಿಜ್ಞಾನ. ಕಡೂರಿನ ಮೆಡಿಕಲ್ ಶಾಪಿನಿಂದ ಜಿಂಕ್ ಮಾತ್ರೆ ತಂದೆ. ಸೋಮವಾರ ಸೋಮವಾರ, ಕುರಿ ತೂಗುವ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸಿದೆ.

"ಯಾವ ಸಂತೇಲಿ ಮಾರ್ತೀಯೇ ನನ್ನ?"

"ನಿನ್ನ ಯಾರ್ ತಗಂತಾರಮ್ಮ, ಮೇವೇ ಜಾಸ್ತಿ ಬೇಕು."

ನಕ್ಕಳು. ತೂಕ ಇಳಿಯಿತು. ನಾನು ಕುಣಿದೆ. ಇಳಿದದ್ದು ನನ್ನ ಪಥ್ಯಕ್ಕೋ, ಕಾಯಿಲೆಗೋ, ಇವತ್ತಿಗೂ ಗೊತ್ತಿಲ್ಲ.

ಮೂರು ತಿಂಗಳಿಗೆ ಗಂಟು ಅಡಿಕೆಯಷ್ಟಾಯಿತು. ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿತು.

ಆಗ ಓಡಿದೆವು. ತರೀಕೆರೆ ದಾಟಿ ಶಿವಮೊಗ್ಗದ ಆಸ್ಪತ್ರೆ. ಮ್ಯಾಮೋಗ್ರಾಂ. ಬಯಾಪ್ಸಿ. ಒಂದು ವಾರ ಕಾದೆವು.

ಕ್ಯಾನ್ಸರ್. ಕಂಕುಳಿನ ಲಿಂಫ್ ಗ್ರಂಥಿಗೂ ಹರಡಿದೆ.

"ಎಷ್ಟು ದಿನದಿಂದ ಇತ್ತಮ್ಮ ಇದು?" ಡಾಕ್ಟರ್ ಕೇಳಿದರು.

"ಮೂರ್ ತಿಂಗ್ಳು ಮೇಡಂ. ನಾನು... ಜಿಂಕ್ ಕೊಡ್ತಿದ್ದೆ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಗಲೇ ಬಂದಿದ್ರೆ?" ಎಂದೆ.

"ಅದನ್ನ ಈಗ ಯಾರೂ ಹೇಳಕ್ಕಾಗಲ್ಲ. ಕೀಮೋ ಶುರು ಮಾಡೋಣ."

ಮೂರು ಕೀಮೋ ಮುಗಿದಿವೆ. ಕೂದಲು ಹೋಯಿತು. ಮುದ್ದೆ ಬೇಯುವ ವಾಸನೆಗೇ ವಾಂತಿ. ಕುರಿಗಳ ಹಿಂದೆ ಈಗ ಅಪ್ಪ ಹೋಗುತ್ತಾನೆ. ಅಡುಗೆ ನನ್ನದು, ನನ್ನ ಸಾರನ್ನು ಬೀದಿ ನಾಯಿ ಮೂಸಿ, ನನ್ನ ಮುಖ ನೋಡಿ, ಮರ್ಯಾದೆಯಿಂದ ಹೊರಟುಹೋಗುತ್ತದೆ. ಇದನ್ನು ಅಮ್ಮನಿಗೆ ಹೇಳಿ ನಗಿಸಬೇಕೆಂದು ಹೋಗುತ್ತೇನೆ, ಅರ್ಧಕ್ಕೇ ಬಿಟ್ಟು ಪಾತ್ರೆ ತೊಳೆಯಲು ಎದ್ದು ಬರುತ್ತೇನೆ. ಆ ಮೂರು ತಿಂಗಳನ್ನು ಒಂದೊಂದೇ ದಿನವಾಗಿ ಎಣಿಸುತ್ತೇನೆ. ಅಷ್ಟೂ ದಿನ ಕಡೂರಿಗೆ ಬಸ್ಸಿತ್ತು.

ಮೊನ್ನೆ ಅಜ್ಜಂಪುರದಿಂದ ಚಿಕ್ಕಮ್ಮ ಬಂದಳು. ಅಮ್ಮನ ಬೋಳು ತಲೆ ನೋಡಿ ಅತ್ತಳು. ಆಮೇಲೆ ಕೇಳೇಬಿಟ್ಟಳು.

"ಮನೇಲಿ ಇಷ್ಟು ಓದಿದೋಳು ಇದ್ದೂ ಯಾಕಕ್ಕಾ ತಡ ಮಾಡಿದ್ರಿ?"

ನಾನು ಬಾಗಿಲ ಬಳಿಯೇ ನಿಂತಿದ್ದೆ.

"ಅವ್ಳಿಗೇನ್ ಗೊತ್ತು, ನಾನೇ ಹೇಳ್ಲಿಲ್ಲ ಕಣೇ," ಎಂದಳು ಅಮ್ಮ. "ನಾಚ್ಕೆ ಆಯ್ತು. ಹೇಳಿದ್ ದಿನಾನೇ ಕರ್ಕಂಡ್ ಓಡಿದ್ಲು, ಪಾಪ."

ನಿಜ ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಕಡೆ ನೋಡದೆ ಲೋಟ ಚಾಚಿದಳು. "ಸುಮ್ನೆ ನಿಂತ್ಕಬೇಡ. ನೀರ್ ತಗಂಬಾ ಹೋಗೇ."

ತಂದುಕೊಟ್ಟೆ. ಎರಡು ಗುಟುಕು ಕುಡಿದಳು.

ವಾಂತಿಯಾಗಲಿಲ್ಲ.