ನಾಯಿಯ ಕೂದಲು ಮತ್ತು ಕಾಪುವಿನ ಗಾಳಿ

ಮನೆಯ ನಾಯಿಯ ಕೂದಲು ಉದುರಲು ತೊಡಗಿದಾಗ ನೀವು ಮೊದಲು ನೋಡುವುದು ನಾಯಿಯನ್ನೋ, ಕೂದಲು ಬಿದ್ದ ನೆಲವನ್ನೋ? ನಾನು ಕೆಲವು ವರ್ಷ ನೆಲವನ್ನೇ ನೋಡಿದೆ. ಅದರ ಫಲವನ್ನು ಅನುಭವಿಸಿದ್ದು ನಾನಲ್ಲ, ಉಡುಪಿ ಸಮೀಪದ ಕಡಲತೀರದ ಊರು ಕಾಪುವಿನ ಒಂದು ಹೆಣ್ಣುನಾಯಿ.

ಎಪ್ಪತ್ತರ ದಶಕದ ಕೊನೆಗೆ ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವನು. ಪ್ರಾಣಿಗಳ ಬಗ್ಗೆ ಮನುಷ್ಯನ ಕರ್ತವ್ಯವೇನು ಎಂಬ ವಿಷಯದ ಮೇಲೆ ಒಮ್ಮೆ ಗೆದ್ದು ಬಂದ ದಿನ ಹಾಸ್ಟೆಲಿನ ಅಡುಗೆಭಟ್ಟರು ಅನ್ನ ಬಡಿಸುತ್ತಾ, "ಅಷ್ಟೆಲ್ಲ ಮಾತಾಡಿದ್ರಂತೆ. ನಮ್ಮ ಹಿತ್ತಲಿನ ನಾಯಿ ಮೈಯೆಲ್ಲ ಉಣ್ಣಿ. ಅದಕ್ಕೆ ಎಂತ ಮಾಡ್ತೀರಿ?" ಎಂದು ಕೇಳಿದರು. ಮರುದಿನ ಆ ನಾಯಿಗೆ ಸ್ನಾನ ಮಾಡಿಸಿದೆ. ನನ್ನ ಎರಡನೆಯ ಉದ್ಯೋಗ ಆರಂಭವಾದದ್ದು ಹಾಗೆ.

ಅಧ್ಯಾಪಕನಾದ ಮೇಲೆ ಒಂದು ಸಣ್ಣ ತಗಡಿನ ಪೆಟ್ಟಿಗೆಯಲ್ಲಿ ಉಕ್ಕಿನ ಬಾಚಣಿಗೆ, ತೆಂಗಿನ ನಾರಿನ ಬ್ರಷ್ಷು, ಸೀಗೆಪುಡಿ, ಬೇವಿನೆಣ್ಣೆ, ಹಳೆಯ ಪಂಚೆಗಳನ್ನು ತುಂಬಿಕೊಂಡು ತರಗತಿಗಳು ಮುಗಿದ ನಂತರ ಬಸ್ಸು ಹತ್ತುತ್ತಿದ್ದೆ. ಮಣಿಪಾಲದಲ್ಲಿ ವೈದ್ಯರ ಮನೆಗಳ ಪೊಮೆರೇನಿಯನ್‌ಗಳು, ಉಡುಪಿಯಲ್ಲಿ ಎರಡು ಅಲ್ಸೇಶಿಯನ್‌ಗಳು, ಉಳಿದ ಕಡೆ ಊರಿನ ನಾಯಿಗಳು. ಯಾರಿಂದಲೂ ಏನನ್ನೂ ಪಡೆಯುತ್ತಿರಲಿಲ್ಲ. ಸಮಾಜವನ್ನು ತಿದ್ದುವ ಕೆಲಸ ಹಿತ್ತಲಿನಿಂದಲೇ ಆರಂಭವಾಗಬೇಕೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಬಸ್ಸಿನ ಕಂಡಕ್ಟರನು ಪ್ರತಿ ನಿಲ್ದಾಣದಲ್ಲೂ, "ದಾರಿ ಬಿಡಿ, ನಾಯಿ ಮೀಯಿಸುವ ಮಾಷ್ಟ್ರು ಇಳೀತಾರೆ!" ಎಂದು ಕೂಗುತ್ತಿದ್ದ. ಒಮ್ಮೆ ಹಿಂದಿನ ಸೀಟಿನಿಂದ ಒಬ್ಬರು, "ಅದಕ್ಕೂ ಎಂ.ಎ. ಆಗ್ಬೇಕಾ ಮಾರಾಯ?" ಎಂದರು. "ಬಿ.ಎ. ಸಾಕು, ಆದ್ರೆ ನಾಯಿ ಒಪ್ಪಬೇಕಲ್ವಾ" ಎಂದು ಕಂಡಕ್ಟರನೇ ಉತ್ತರಿಸಿದ.

ಕಾಪುವಿನ ಮನೆ ಸಮುದ್ರಕ್ಕೆ ಹತ್ತಿರ, ತೆಂಗಿನ ತೋಟದ ಅಂಚಿನಲ್ಲಿತ್ತು. ಗೃಹಿಣಿಯ ಗಂಡ ಕೊಲ್ಲಿ ರಾಷ್ಟ್ರದಲ್ಲಿದ್ದರು, ಮಕ್ಕಳು ಹಾಸ್ಟೆಲಿನಲ್ಲಿದ್ದರು. ಮನೆಯಲ್ಲಿ ಆಕೆ, ಕಿವಿ ಮಂದವಾದ ಅತ್ತೆ, ಮತ್ತು ಕಂದು ಬಣ್ಣದ, ದಟ್ಟ ರೋಮದ ಒಂದು ಹೆಣ್ಣುನಾಯಿ. ಬೇಲಿಯ ಆಚೆ, ಪೂರ್ವದ ಕಡೆಗೆ, ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಬ್ಯಾರಿ ಸಮುದಾಯದ ಹಿರಿಯರೊಬ್ಬರ ಮನೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ತಮ್ಮೊಳಗೆ ತುಳುವಿನಲ್ಲಿ ಮಾತಾಡುವ ಈ ಎರಡೂ ಮನೆಯವರು ನಾನು ಅಧ್ಯಾಪಕನೆಂದು ಮರ್ಯಾದೆ ಕೊಟ್ಟು ನನ್ನೆದುರು ಕನ್ನಡದಲ್ಲೇ ಮಾತಾಡುತ್ತಿದ್ದರು.

ಒಂದು ವರ್ಷ ಮಾರ್ಚ್ ತಿಂಗಳಲ್ಲಿ ನಾಯಿಯ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ವಾರಕ್ಕೆರಡು ಸಂಜೆ ಹೋಗಿ, ಅಂಗಳದ ತೆಂಗಿನ ಮರದ ಬುಡದಲ್ಲಿ ಕುಳ್ಳಿರಿಸಿ ಬಾಚುತ್ತಿದ್ದೆ. ಎಷ್ಟು ಬಾಚಿದರೂ ಮುಗಿಯುತ್ತಿರಲಿಲ್ಲ.

"ಮರಿ ಹಾಕಿ ಎರಡು ತಿಂಗಳಾಯ್ತು ಮಾಷ್ಟ್ರೇ, ಮರಿಗಳನ್ನೆಲ್ಲ ಕೊಟ್ಟೂ ಆಯ್ತು" ಎಂದು ಆಕೆ ಹೇಳಿದರು. "ಹೆತ್ತ ಮೇಲೆ ನಮ್ಮ ಕೂದಲೂ ಹೀಗೇ ಹೋಗ್ತದೆ. ನನ್ನ ದೊಡ್ಡ ಮಗು ಆದಾಗ ತಲೆ ಬಾಚ್ಲಿಕ್ಕೇ ಹೆದರಿಕೆ ಆಗ್ತಿತ್ತು. ಇದಕ್ಕೂ ಹಾಗೇ ಇರಬಹುದಲ್ವಾ?"

ಅದು ಕಾಕತಾಳೀಯ ಎಂದು ನಾನು ಹೇಳಿದೆ. ಹೋಲಿಕೆಯು ಕಾರಣವಾಗುವುದಿಲ್ಲ ಎಂದು ವಿವರಿಸಿದೆ. ಗ್ರಂಥಾಲಯದ ಪುಸ್ತಕವೊಂದರಲ್ಲಿ ಶೀತ ದೇಶದ ನಾಯಿಗಳು ಚಳಿ ಕಳೆದಂತೆ ಒಳಗಿನ ರೋಮವನ್ನು ಕಳಚುತ್ತವೆ ಎಂದು ಓದಿದ್ದೆ. ಅದರಿಂದ ನಾನು ಕಟ್ಟಿದ ವಾದ ಇಷ್ಟು: ರೋಮವಿರುವುದು ಚಳಿಗಾಗಿ, ಕರಾವಳಿಯಲ್ಲಿ ಚಳಿಯಿಲ್ಲ, ಆದ್ದರಿಂದ ಕರಾವಳಿಯ ನಾಯಿಗೆ ರೋಮವೇ ಹೊರೆ. ಆಕೆ ಮರುಮಾತಾಡಲಿಲ್ಲ. ವೇದಿಕೆಯ ಮೇಲೆ ಎದುರಾಳಿ ಸುಮ್ಮನಾದರೆ ಗೆದ್ದಂತೆ ಎಂಬ ಅಭ್ಯಾಸ ನನಗಿತ್ತು.

ಮುಂದಿನ ಸಲ ಹೋದಾಗ ಸಾಹೇಬರು ಬೇಲಿಯ ಬಳಿ ನಿಂತಿದ್ದರು. "ಮಾಷ್ಟ್ರೇ, ತಪ್ಪು ತಿಳೀಬೇಡಿ. ನಾಯಿ ಇರಲಿ, ಅದರ ಮೇಲೆ ನಮಗೆ ಏನೂ ಇಲ್ಲ. ಆದ್ರೆ ಸಂಜೆ ಅದರ ಕೂದಲೆಲ್ಲ ನಮ್ಮ ಕಡೆ ಬರ್ತದೆ. ಒಗೆದು ಹಾಕಿದ ಬಟ್ಟೆ ಉಂಟು, ನಮಾಜಿನ ಚಾಪೆ ಉಂಟು. ಒದ್ದೆ ಬಟ್ಟೆಗೆ ತಾಗಿದ್ರೆ ನಮ್ಮಲ್ಲಿ ಏಳು ಸಲ ತೊಳೀಬೇಕು, ಒಂದು ಸಲ ಮಣ್ಣು ಹಾಕಿ. ನಮ್ಮ ಮನೆಯವಳಿಗೆ ಕೈ ಸೋತು ಹೋಯ್ತು."

ಈ ಮಾತು ಗೃಹಿಣಿಯ ಮೈದುನನ ಕಿವಿಗೂ ಬಿತ್ತು. ಆತ ಹೂಡೆಯಲ್ಲಿ ದೋಣಿಯ ಕೆಲಸದಲ್ಲಿದ್ದ. ನೆರೆಯವರೊಂದಿಗೆ ಮನಸ್ತಾಪ ಬೇಡ, ಮೂರು ವಾರದೊಳಗೆ ಕೂದಲು ನಿಲ್ಲದಿದ್ದರೆ ಭಾನುವಾರ ಬಂದು ನಾಯಿಯನ್ನು ಗೋಣಿಯಲ್ಲಿ ಕಟ್ಟಿ ಕೊಂಡುಹೋಗಿ ಹೂಡೆಯ ಕಡಲತೀರದಲ್ಲಿ ಬಿಡುವುದಾಗಿ ಅಣ್ಣನಿಗೆ ಪತ್ರ ಬರೆದ. ಬೇಡವಾದ ನಾಯಿಬೆಕ್ಕುಗಳನ್ನು ಮೀನು ಸಿಗುವ ಕಡೆ ಬಿಟ್ಟುಬರುವುದು ಆಗ ಕ್ರೌರ್ಯವೆನಿಸುತ್ತಿರಲಿಲ್ಲ. ಅಣ್ಣ ಒಪ್ಪಿ ಉತ್ತರಿಸಿದರು; ಆ ಉತ್ತರ ಬಂದ ದಿನದಿಂದ ಮೂರು ವಾರದ ಲೆಕ್ಕ ಶುರುವಾಯಿತು.

ಆಕೆ ಪತ್ರವನ್ನು ನನಗೆ ತೋರಿಸಿದರು. "ಅತ್ತೆಗೆ ಕಿವಿ ಕೇಳುವುದಿಲ್ಲ. ಈ ನಾಯಿ ಇದ್ರೆ ನಾನು ಬಾಗಿಲು ಹಾಕಿ ಧೈರ್ಯದಲ್ಲಿ ಮಲಗ್ತೇನೆ. ಏನಾದ್ರೂ ಮಾಡಿ ಮಾಷ್ಟ್ರೇ" ಎಂದರು.

ನಾನು ಮಾಡಿದೆ. ಕಾರ್ಕಳದ ಕ್ಷೌರದಂಗಡಿಯೊಂದರಿಂದ ಕೈಮೆಷಿನ್ನು ತಂದು ನಾಯಿಯ ಕೂದಲನ್ನು ಚರ್ಮದವರೆಗೆ ತೆಗೆದುಬಿಟ್ಟೆ. ಕೂದಲೇ ಇಲ್ಲದಿದ್ದರೆ ಉದುರುವುದೇನು ಎಂಬುದು ನನ್ನ ತರ್ಕ. ಆಕೆ ಬಾಗಿಲಲ್ಲಿ ನಿಂತು ಒಮ್ಮೆ, "ಪೂರಾ ಬೇಡ ಅಲ್ವಾ?" ಎಂದರು. ಬೇಕು ಎಂದೆ. ನಾಯಿ ಅಲುಗಾಡದೆ ನಿಂತಿತ್ತು. ಅದನ್ನು ನಾನು ಸಮ್ಮತಿ ಎಂದುಕೊಂಡೆ.

ಬಾಚಲು ಏನೂ ಉಳಿಯದ್ದರಿಂದ ನಡುವೆ ಹೋಗಿರಲಿಲ್ಲ; ಹತ್ತು ದಿನಗಳ ನಂತರ ಹೋದಾಗ ನಾಯಿ ಸೌದೆಯ ಕೊಟ್ಟಿಗೆಯಲ್ಲಿ ಮುದುರಿ ಮಲಗಿತ್ತು. ಮರಳಿನ ಮೇಲೆ ಬಿಸಿಲಿಗೆ ಮಲಗುವ ಅಭ್ಯಾಸ ಅದಕ್ಕೆ. ಬೆನ್ನಿನ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತ್ತು. ಮೊಳೆತ ಚಿಕ್ಕ ಕೂದಲುಗಳೂ ಉದುರುತ್ತಲೇ ಇದ್ದವು. ಸಾಹೇಬರು ಒಂದು ಚಾಪೆಯನ್ನು ತಂದು ಬೇಲಿಯ ಮೇಲೆ ಹರಡಿದರು. "ಮೊದಲಿನ ಉದ್ದ ಕೂದಲು ಕೈಯಲ್ಲಿ ಹೆಕ್ಕಲಿಕ್ಕೆ ಆಗ್ತಿತ್ತು ಮಾಷ್ಟ್ರೇ. ಮೆಷಿನ್ನು ಹಾಕಿದ ಸಂಜೆ ಹಾರಿ ಬಂದ ಇದು ಸೂಜಿ. ನೂಲಿನೊಳಗೆ ಹೋಗಿ ಕೂತಿದೆ, ನೋಡಿ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮೈದುನ ಬರುವ ಭಾನುವಾರಕ್ಕೆ ಎಂಟು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಕಾರ್ಕಳದ ಪಶುವೈದ್ಯರೊಬ್ಬರ ಮನೆಗೆ ಹೋದೆ. ಅವರು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, "ಮರಿ ಹಾಕಿ ಎಷ್ಟು ದಿನ?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಇನ್ನೆಂತ ಕೇಳ್ಲಿಕ್ಕೆ ಉಂಟು?" ಎಂದು ನಕ್ಕರು. ಪ್ರತಿ ಕೂದಲೂ ಬೆಳೆಯುತ್ತದೆ, ಕೆಲಕಾಲ ನಿಲ್ಲುತ್ತದೆ, ಹೊಸದಕ್ಕೆ ಜಾಗ ಬಿಟ್ಟು ಬೀಳುತ್ತದೆ. ಹಗಲು ದೀರ್ಘವಾಗುವ ಕಾಲದಲ್ಲಿ ಒಳಪದರ ಹೆಚ್ಚು ಬೀಳುತ್ತದೆ. ಮರಿ ಹಾಕಿದ ಎರಡು ಮೂರು ತಿಂಗಳಿಗೆ ಹೆಣ್ಣುನಾಯಿಯ ಕೂದಲು ಒಮ್ಮೆಲೇ ಕಳಚಿ, ಮುಂದೆ ತಾನಾಗಿ ಬರುತ್ತದೆ. ಹೊರಗಿನ ಉದ್ದ ಕೂದಲು ಚಳಿಗೆ ಮಾತ್ರವಲ್ಲ, ಬಿಸಿಲಿಗೂ ತಡೆ. ಬೋಳು ಮಚ್ಚೆ, ತುರಿಕೆ, ದುರ್ವಾಸನೆ ಇದ್ದರೆ ಅದು ರೋಗ, ಆಗ ಆಸ್ಪತ್ರೆಗೆ ತರಬೇಕು. ಉಳಿದದ್ದಕ್ಕೆ ಬಾಚಣಿಗೆ ಸಾಕು. "ಯಂತ್ರ ಹಾಕಿದ ಮೇಲೆ ಬೆನ್ನಿನ ಕೂದಲು ಮೊದಲಿನಂತೆ ಬರ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ" ಎಂದು ಕೊನೆಗೆ ಹೇಳಿ, ಬೆನ್ನಿಗೆ ಹಚ್ಚಲು ಮುಲಾಮು ಕೊಟ್ಟರು.

ಗೃಹಿಣಿ ಒಂದೇ ವಾಕ್ಯದಲ್ಲಿ ಹೇಳಿದ್ದನ್ನೇ ಅವರು ಕಾಲು ಗಂಟೆಯಲ್ಲಿ ಹೇಳಿದ್ದರು.

ಅದೇ ದಿನ ಬಸ್ಸು ಹಿಡಿದು ಕಾಪುವಿಗೆ ಬಂದು ಆಕೆಯ ಮುಂದೆ, ಬೇಲಿಯಾಚೆಗಿದ್ದ ಸಾಹೇಬರೂ ಕೇಳುವಂತೆ, ನನ್ನ ತಪ್ಪನ್ನು ಒಪ್ಪಿಕೊಂಡೆ. ಆಕೆ, "ನೀವು ಅಷ್ಟು ಓದಿದವರು, ನಾನು ಎಂತ ಹೇಳುದು ಅಂತ ಸುಮ್ಮನಾದೆ" ಎಂದರು. ಸಾಹೇಬರು ಬೇಲಿಗೆ ಇನ್ನಷ್ಟು ಹತ್ತಿರ ಬಂದರು.

"ಮಾಷ್ಟ್ರೇ, ಒಂದು ಕೇಳ್ತೇನೆ. ನೀವು ಯಾಕೆ ಯಾವಾಗ್ಲೂ ಸಂಜೆಯೇ ಬಾಚುದು?"

"ಕಾಲೇಜು ಮುಗಿಯುವುದು ಆಗ."

"ಅದೇ. ಸಂಜೆ ಗಾಳಿ ಸಮುದ್ರದಿಂದ ನಮ್ಮ ಕಡೆಗೆ. ಬೆಳಿಗ್ಗೆ ನಮ್ಮ ಕಡೆಯಿಂದ ಸಮುದ್ರಕ್ಕೆ. ಇದು ದೋಣಿಯವರಿಗೆಲ್ಲ ಗೊತ್ತು, ನಿಮ್ಮ ಪುಸ್ತಕದಲ್ಲಿ ಇಲ್ವಾ?" ಅವರು ಆಕೆಯ ಕಡೆ ತಿರುಗಿದರು. "ತಂಗಿ, ಬೆಳಿಗ್ಗೆ ನಿನ್ನ ಬಚ್ಚಲ ಒಲೆಯ ಹೊಗೆ ನೋಡು. ಹೊಗೆ ಸಮುದ್ರದ ಕಡೆಗೆ ಹೋಗುವಷ್ಟು ಹೊತ್ತು ನಾಯಿಯನ್ನು ಬಾಚು. ಹೊಗೆ ತಿರುಗಿದ ಮೇಲೆ ಬಾಚಣಿಗೆ ಒಳಗಿಡು."

ಅಂದರೆ ಇಷ್ಟು ದಿನ ಆ ಮನೆಯ ಚಾಪೆಗಳ ಮೇಲೆ ಕೂದಲನ್ನು ತೂರಿದ್ದು ನಾಯಿಯಲ್ಲ, ನನ್ನ ವೇಳಾಪಟ್ಟಿ.

ಆಕೆ ಮರುದಿನದಿಂದಲೇ ಆರಂಭಿಸಿದರು. ಬಾಚುವಷ್ಟು ಕೂದಲು ಉಳಿದಿರಲಿಲ್ಲ. ಹುಣ್ಣಾದ ಬೆನ್ನನ್ನು ಬಿಟ್ಟು ಉಳಿದ ಮೈಯನ್ನು ನಾರಿನ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಬಿದ್ದ ಕೂದಲನ್ನು ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ನಾಯಿಯೂ ಒಲೆಯ ಹೊಗೆ ಏಳುವ ಹೊತ್ತಿಗೆ ತಾನಾಗಿ ಬಂದು ನಿಲ್ಲತೊಡಗಿತು.

ಆ ಭಾನುವಾರ ನಾನು ಬೆಳಗಿನ ಬಸ್ಸಿನಲ್ಲೇ ಹೋದೆ. ಮೈದುನ ಗೋಣಿ ಹಿಡಿದು ಬಂದಿದ್ದ. ಅಂಗಳಕ್ಕೆ ಕಾಲಿಡುತ್ತಲೇ ಬೇಲಿಯಾಚೆಯಿಂದ ಸಾಹೇಬರು, "ಗೋಣಿ ಎಂತಕ್ಕೆ ಮಾರಾಯ, ಅಕ್ಕಿಗಾ?" ಎಂದು ಕೇಳಿದರು.

"ನಿಮಗೆ ತೊಂದರೆ ಆಗ್ತದೆ ಅಂತಲ್ವಾ?"

"ಆರು ದಿನದಿಂದ ಚಾಪೆಯಲ್ಲಿ ಒಂದು ಕೂದಲಿಲ್ಲ. ನನ್ನ ಹೆಸರು ಹೇಳಿ ಅದನ್ನು ಕೊಂಡುಹೋಗ್ಬೇಡ. ಸಿಟ್ಟಿದ್ರೆ ಮಾಷ್ಟ್ರನ್ನು ಕಟ್ಟಿ ಕೊಂಡುಹೋಗು, ಅವ್ರಿಗೂ ಸಮುದ್ರದ ಗಾಳಿ ಗೊತ್ತಾಗ್ಲಿ."

ಮೈದುನ ನಕ್ಕುಬಿಟ್ಟ. ಆಕೆ ಅವನ ಕೈಯಿಂದ ಗೋಣಿಯನ್ನು ತೆಗೆದುಕೊಂಡು, ನೀರಿನಲ್ಲಿ ಅದ್ದಿ ಹಿಂಡಿ, ತೆಂಗಿನ ಬುಡದಲ್ಲಿ ಹಾಸಿದರು. ಉದುರಿದ ಸಣ್ಣ ಕೂದಲು ಹಾರದೆ ಒದ್ದೆ ಗೋಣಿಗೆ ಅಂಟಿಕೊಳ್ಳುತ್ತಿತ್ತು. ಇದನ್ನೂ ನಾನು ಹೇಳಿಕೊಟ್ಟದ್ದಲ್ಲ.

ಮಳೆ ಹಿಡಿಯುವ ಮೊದಲೇ ಉದುರುವುದು ನಿಂತಿತು. ಕುತ್ತಿಗೆ, ತೊಡೆಗಳಲ್ಲಿ ಕೂದಲು ಚೆನ್ನಾಗಿ ಬಂತು. ಬೆನ್ನಿನ ಮೇಲೆ ಅಂಗೈಯಗಲದ ಜಾಗ ಮಾತ್ರ ಮತ್ತೆ ತುಂಬಲಿಲ್ಲ. ಎಂಬತ್ತರ ದಶಕದ ನಡುವಿನವರೆಗೂ ಆ ನಾಯಿ ಆ ಮನೆಯಲ್ಲೇ ಇತ್ತು, ಆ ಜಾಗವೂ ಹಾಗೆಯೇ ಇತ್ತು. ಮಧ್ಯಾಹ್ನ ಮರಳಿಗೆ ಹೋಗದಂತೆ ಆಕೆ ಅದನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರು. ನಾನು ಹೋದಾಗ ಅದು ಬಾಲ ಅಲ್ಲಾಡಿಸುತ್ತಿತ್ತು, ಆದರೆ ಪೆಟ್ಟಿಗೆಯ ಮುಚ್ಚಳದ ಸದ್ದಾದರೆ ಎದ್ದು ಆಕೆಯ ಹಿಂದೆ ನಿಲ್ಲುತ್ತಿತ್ತು. ಆಮೇಲೆ ನಾನು ಯಾವ ನಾಯಿಗೂ ಕೈಮೆಷಿನ್ನು ಹಾಕಲಿಲ್ಲ. ಕಡಲ ಬದಿಯ ಮನೆಗಳಿಗೆ ಭಾನುವಾರ ಬೆಳಿಗ್ಗೆ ಮಾತ್ರ ಹೋಗುತ್ತಿದ್ದೆ. ಮೊದಲ ಪ್ರಶ್ನೆಯನ್ನು ನಾಯಿಗೆ ಅನ್ನ ಹಾಕುವವರಿಗೆ ಕೇಳಿ, ಅವರು ಮುಗಿಸುವವರೆಗೆ ಸುಮ್ಮನಿರುವುದನ್ನು ಕಲಿತೆ. ಚರ್ಚಾಸ್ಪರ್ಧೆಗಳಲ್ಲಿ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಈ ಬೇಸಿಗೆಯಲ್ಲಿ ನಿಮ್ಮ ನಾಯಿಯ ಕೂದಲು ಉದುರಿದರೆ ಅದನ್ನು ಬೋಳಿಸಬೇಡಿ, ಮನೆಯಿಂದ ಹೊರಗೂ ಹಾಕಬೇಡಿ. ಕೂದಲನ್ನು ಬಿಡಿಸಿ ಚರ್ಮವನ್ನು ಒಮ್ಮೆ ನೋಡಿ. ಗಾಯ, ತುರಿಕೆ ಇದ್ದರೆ ಪಶುವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ದಿನಾ ಬೆಳಿಗ್ಗೆ, ಗಾಳಿ ನೆರೆಮನೆಯ ಕಡೆಗೆ ಬೀಸದ ಹೊತ್ತಿನಲ್ಲಿ, ಕಾಲು ಗಂಟೆ ಬಾಚಿ.